ಕೋಡಿ ನೀರಿಗೆ ದಾರಿ ಎಲ್ಲಿ?

ಹೆಬ್ಬಾಳ ಮೇಲ್ಸೇತುವೆಯಲ್ಲಿ ಬಸ್ಸು ಅರ್ಧ ಗಂಟೆ ನಿಂತರೆ ‘ಡಿಸಾಸ್ಟರ್’. ಆರ್.ಟಿ. ನಗರದ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿಯಾದರೂ ‘ಡಿಸಾಸ್ಟ್ರಸ್’. ಆರ್‌ಸಿಬಿ ಸೋತ ರಾತ್ರಿಯಂತೂ ಕೇಳುವುದೇ ಬೇಡ. ಬೇಸರಕ್ಕೆ ಆಡುವ ಮಾತು, ತಪ್ಪೇನಿಲ್ಲ. ಆದರೆ ಆ ಮಾತು ಅಕ್ಷರಶಃ ನಿಜವಾದ ಜಾಗ ಇಲ್ಲೇ ಹತ್ತಿರದಲ್ಲಿದೆ, ಯಲಹಂಕದ ಕೇಂದ್ರೀಯ ವಿಹಾರ.

2021ರ ನವೆಂಬರ್ 21ರ ರಾತ್ರಿಯ ಮಳೆಗೆ ಯಲಹಂಕ ಕೆರೆ ಉಕ್ಕಿ, ಕೇಂದ್ರ ಸರ್ಕಾರಿ ನೌಕರರಿಗೆಂದು ಕಟ್ಟಿದ, 600ಕ್ಕೂ ಹೆಚ್ಚು ಮನೆಗಳಿರುವ ಆ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿತು. ಬೆಳಗಾಗುವಷ್ಟರಲ್ಲಿ ಕಾರು, ಬೈಕುಗಳು ಮುಳುಗಿದ್ದವು. ಕರೆಂಟಿಲ್ಲ, ಲಿಫ್ಟಿಲ್ಲ. ವಯಸ್ಸಾದವರನ್ನು ಕೈಹಿಡಿದು ಇಳಿಸಿ, ದೋಣಿ, ಟ್ರ್ಯಾಕ್ಟರ್ ಹತ್ತಿಸಿ ಹೊರಗೆ ತರಬೇಕಾಯಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬಂದು ನೋಡಿದರು, ರಾಜಕಾಲುವೆ ಅಗಲ ಮಾಡುವ ಮಾತು ಬಂತು. 2024ರ ಅಕ್ಟೋಬರ್‌ನಲ್ಲಿ ಅದೇ ಅಂಗಳಕ್ಕೆ ಮತ್ತೆ ದೋಣಿ ಬಂತು.

ಕೆರೆ ಕೋಡಿ ಬಿದ್ದರೆ ನಮ್ಮ ಊರುಗಳಲ್ಲಿ ಬಾಗಿನ ಬಿಡುತ್ತಾರೆ. ಆ ಸಂಭ್ರಮಕ್ಕೆ ಕಾರಣವಿತ್ತು: ಕೋಡಿ ನೀರು ಹೋಗುವ ದಾರಿ ಎಲ್ಲರಿಗೂ ಗೊತ್ತಿತ್ತು. ಯಲಹಂಕ ಕೆರೆ ತುಂಬಿದರೆ ಜಕ್ಕೂರು, ಅದು ತುಂಬಿದರೆ ರಾಚೇನಹಳ್ಳಿ, ಹಾಗೇ ಮುಂದೆ ಎಲೆಮಲ್ಲಪ್ಪ ಶೆಟ್ಟಿ ಕೆರೆ, ಕೊನೆಗೆ ದಕ್ಷಿಣ ಪಿನಾಕಿನಿ. ಈಗ ಗದ್ದೆ, ತೋಟಗಳಿದ್ದಲ್ಲಿ ಕಾಂಕ್ರೀಟ್ ಬಂದಿದೆ. ಇಂಗಬೇಕಾದ ನೀರೂ ಕಾಲುವೆಗೇ ಬೀಳುತ್ತದೆ. ಕಾಲುವೆ ಕಿರಿದಾದರೆ ನೀರು ತಗ್ಗಿನ ಮನೆಗಳನ್ನು ಹುಡುಕಿಕೊಂಡು ಹೋಗುತ್ತದೆ.

ಇದನ್ನು ಪ್ರಕೃತಿ ವಿಕೋಪ ಎಂದು ಕೈತೊಳೆದುಕೊಳ್ಳಲು ನಾನು ಒಪ್ಪುವುದಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯೇ ಒಪ್ಪುವುದಿಲ್ಲ. ಅದರ ಪ್ರಕಾರ ವಿಪತ್ತು ಪ್ರಕೃತಿಯಿಂದಲೂ ಬರಬಹುದು, ಮನುಷ್ಯನಿಂದಲೂ ಬರಬಹುದು. ನಿರ್ಲಕ್ಷ್ಯವನ್ನೂ ಕಾಯ್ದೆ ಹೆಸರಿಸಿಯೇ ಹೇಳಿದೆ. ವಿಪತ್ತು ನೊಂದ ಜನರ ನಿಭಾಯಿಸುವ ಶಕ್ತಿಯನ್ನು ಮೀರಿರಬೇಕು. ಮೂರನೇ ಮಹಡಿಯಲ್ಲಿ ಔಷಧಿ ಮುಗಿದು ಕೂತ ಹಿರಿಯರಿಗೆ ಆ ಮಿತಿ ಒಂದೇ ರಾತ್ರಿಯಲ್ಲಿ ದಾಟಿರುತ್ತದೆ.

ಮಳೆಯ ಲೆಕ್ಕ ಇಡುವವರು ದೂರದಲ್ಲಿಲ್ಲ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇರುವುದು ಯಲಹಂಕದಲ್ಲೇ. ಮುನ್ಸೂಚನೆ ಸಿಗುತ್ತದೆ, ಸಿಗದಿರುವುದು ಕಾಲುವೆಯ ಲೆಕ್ಕ. ಕೋಡಿಯಿಂದ ಜಕ್ಕೂರಿನವರೆಗೆ ಎಲ್ಲಿ ಹೂಳು ತೆಗೆದರು, ಎಲ್ಲಿ ಅಗಲ ಮಾಡಿದರು, ಎಲ್ಲಿ ಕೆಲಸ ನಿಂತಿದೆ ಎಂಬುದನ್ನು ಪ್ರತಿ ವರ್ಷ ಮೇ ತಿಂಗಳೊಳಗೆ ನಿವಾಸಿಗಳ ಮುಂದೆ ಇಡಬೇಕು.