ಇಲಿಯ ಕರುಳೂ ಪ್ರಯೋಗದ ಪಾಲುದಾರ

ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ 1960ರ ಸುಮಾರಿಗೆ ಎರಡು ಗುಂಪಿನ ಬಿಳಿ ಇಲಿಗಳಿದ್ದವು. ಎರಡೂ ಸ್ವಿಸ್ ತಳಿಯವೇ. ಒಂದು ಗುಂಪು ಬಹುಕಾಲದಿಂದ ಅಲ್ಲಿ ಸಾಕಿಕೊಂಡು ಬಂದದ್ದು. ಇನ್ನೊಂದು ಅದೇ ಮೂಲದಿಂದ ಬೇರ್ಪಡಿಸಿ, ಮಾಮೂಲಿ ರೋಗಾಣುಗಳು ಸೋಕದಂತೆ ಎಚ್ಚರದಿಂದ ಬೆಳೆಸಿದ್ದು. ರೆನೆ ಡ್ಯೂಬೊ ಮತ್ತು ರಸೆಲ್ ಶೆಡ್ಲರ್ ಎರಡಕ್ಕೂ ಎಂಡೋಟಾಕ್ಸಿನ್ ಎಂಬ ಬ್ಯಾಕ್ಟೀರಿಯಾ ವಿಷವನ್ನು ಚುಚ್ಚಿದರು. ಹಳೆಯ ಗುಂಪಿನ ಇಲಿಗಳನ್ನು ಕೊಲ್ಲುವಷ್ಟು ವಿಷ ಹೊಕ್ಕರೂ ಹೊಸ ಗುಂಪಿನವು ತಡೆದುಕೊಂಡು ಬದುಕಿದವು.

ಕಾರಣ ಹುಡುಕಲು ಇಬ್ಬರೂ ಹಿಕ್ಕೆಯ ಬೆನ್ನು ಹತ್ತಿದರು. ಹಿಕ್ಕೆಯನ್ನು ಅರೆದು ಕದಡುವುದು, ಹಂತಹಂತವಾಗಿ ತೆಳುಮಾಡುವುದು, ಬಗೆಬಗೆಯ ಪೋಷಕಾಂಶ ಬೆರೆಸಿದ ಅಗಾರ್ ತಟ್ಟೆಗಳ ಮೇಲೆ ಸವರಿ, ಮೂಡಿದ ಬ್ಯಾಕ್ಟೀರಿಯಾ ಚುಕ್ಕೆಗಳನ್ನು ಎಣಿಸುವುದು: ಬೇಸರ ಹಿಡಿಸುವ ಕೆಲಸವೇ ಸರಿ. ಗಟ್ಟಿಮುಟ್ಟಾದ ಇಲಿಗಳ ಹಿಕ್ಕೆಯಲ್ಲಿ ಲ್ಯಾಕ್ಟೊಬ್ಯಾಸಿಲಸ್‌ಗಳು ಹೇರಳವಾಗಿದ್ದವು, ಇ. ಕೋಲಿ ಕಾಣಲೇ ಇಲ್ಲ. ಹಲವು ತಳಿಗಳ ಹಿಕ್ಕೆಯನ್ನು ಹೋಲಿಸಿ, ಕರುಳಿನ ಬ್ಯಾಕ್ಟೀರಿಯಾಗಳಿಗೂ ವಿಷ ತಾಳುವ ಶಕ್ತಿಗೂ ನಂಟಿದೆ ಎಂದು ಅವರು 1962ರಲ್ಲಿ ಪ್ರಕಟಿಸಿದರು.

ಈ ಎಂಡೋಟಾಕ್ಸಿನ್ ಹಾವಿನ ವಿಷದಂಥದ್ದಲ್ಲ. ಬ್ಯಾಕ್ಟೀರಿಯಾ ಇದನ್ನು ಹೊರಗೆ ಸುರಿಸುವುದೂ ಇಲ್ಲ. ಇ. ಕೋಲಿ, ಸಾಲ್ಮೊನೆಲ್ಲ, ಕಾಲರಾ ರೋಗಾಣು ಮುಂತಾದವುಗಳ ಹೊರಪೊರೆಯ ಭಾಗವೇ ಇದು. ಜೀವಿ ಸತ್ತು ಒಡೆದಾಗ ಹೆಚ್ಚಾಗಿ ಬಿಡುಗಡೆಯಾಗುತ್ತದೆ. ಬಿಸಿಗೂ ಸುಲಭವಾಗಿ ಬಗ್ಗುವುದಿಲ್ಲ. ಕಾಯಿಸಿ ಕೊಂದ ಕಾಲರಾ ರೋಗಾಣುಗಳೂ ಗಿನಿ ಹಂದಿಗಳನ್ನು ಕೊಲ್ಲುವುದನ್ನು ಜರ್ಮನಿಯ ರಿಚರ್ಡ್ ಫೈಫರ್ 1890ರ ದಶಕದಲ್ಲೇ ತೋರಿಸಿದ್ದರು.

ಅಸಲಿಗೆ ಇಲ್ಲಿ ಪ್ರಾಣ ತೆಗೆಯುವುದು ವಿಷಕ್ಕಿಂತ ಹೆಚ್ಚಾಗಿ ದೇಹದ ಗಾಬರಿ. ರಕ್ಷಣಾ ಕೋಶಗಳ ಮೇಲಿನ ಟಿಎಲ್‌ಆರ್4 ಎಂಬ ಗ್ರಾಹಕ ಎಂಡೋಟಾಕ್ಸಿನ್ನಿನ ಸುಳಿವು ಹಿಡಿದ ಕೂಡಲೇ ಟಿಎನ್‌ಎಫ್‌ನಂಥ ಉರಿಯೂತದ ರಾಸಾಯನಿಕಗಳು ಉಕ್ಕುತ್ತವೆ. ಜ್ವರ ಏರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಎಂಡೋಟಾಕ್ಸಿನ್‌ಗೆ ಜಗ್ಗದ ಒಂದು ಇಲಿ ತಳಿಯಲ್ಲಿ ಈ ಗ್ರಾಹಕದ ಜೀನೇ ಕೆಟ್ಟಿರುವುದನ್ನು ಬ್ರೂಸ್ ಬ್ಯೂಟ್ಲರ್ 1998ರಲ್ಲಿ ಪತ್ತೆ ಮಾಡಿದರು. 2011ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಹಾಗಿದ್ದರೆ ಕರುಳಿನ ಪಾತ್ರವೇನು? ಅಲ್ಲಿ ಯಾರು ಯಾರು ವಾಸವಿದ್ದಾರೆ ಎಂಬುದರ ಮೇಲೆ ರಕ್ಷಣಾ ಕೋಶಗಳ ಸಿಟ್ಟಿನ ಮಟ್ಟ ನಿಲ್ಲುತ್ತದೆ. ಯಾವ ಸೂಕ್ಷ್ಮಾಣುವೂ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಉರಿಯೂತ ಮಂದ. ಅವುಗಳಲ್ಲಿ ಐಎಲ್-10 ಎಂಬ ಶಮನಕಾರಿ ಪ್ರೋಟೀನು ಹೆಚ್ಚಾಗಿ ಸ್ರವಿಸುವುದನ್ನು ಬ್ರೆಜಿಲ್‌ನ ವಿಜ್ಞಾನಿಗಳು ಕಂಡರು. ಹಾಗೆಂದು ಬ್ಯಾಕ್ಟೀರಿಯಾ ಇಲ್ಲದಿರುವುದೇ ಕ್ಷೇಮ ಎನ್ನುವಂತಿಲ್ಲ. ಸ್ಟ್ರೆಪ್ಟೊಮೈಸಿನ್ ಎಂಬ ಪ್ರತಿಜೀವಕ ಕೊಟ್ಟು ಕರುಳನ್ನು ಬರಿದು ಮಾಡಿದ ಇಲಿಗಳಿಗೆ ಸೋಂಕು ತಗುಲಲು ಒಂದು ಲಕ್ಷದ ಬದಲು ಹತ್ತಕ್ಕೂ ಕಡಿಮೆ ಸಾಲ್ಮೊನೆಲ್ಲ ಸಾಕಾಗುತ್ತದೆಂದು 1950ರ ದಶಕದಲ್ಲೇ ಶಿಕಾಗೋದಲ್ಲಿ ಕಂಡುಬಂದಿತ್ತು.

ಪ್ರಯೋಗ ಮಾಡುವವರಿಗೆ ಇನ್ನೊಂದು ಪೇಚಿದೆ. ಇಲಿಗಳು ಹಿಕ್ಕೆ ತಿನ್ನುತ್ತವೆ, ತಮ್ಮದನ್ನೂ, ಜೊತೆಯವುಗಳದ್ದನ್ನೂ. ಹೀಗಾಗಿ ಒಂದೇ ಬೋನಿನ ಇಲಿಗಳ ಕರುಳು ಬರಬರುತ್ತಾ ಒಂದೇ ಬಗೆಯಾಗುತ್ತದೆ. ಔಷಧ ಕೊಟ್ಟವನ್ನೆಲ್ಲ ಒಂದು ಬೋನಿನಲ್ಲಿ, ಕೊಡದವನ್ನು ಇನ್ನೊಂದರಲ್ಲಿ ಇಟ್ಟರೆ, ಕೊನೆಗೆ ಕಾಣುವ ವ್ಯತ್ಯಾಸ ಔಷಧದ್ದೋ ಬೋನಿನದ್ದೋ ಹೇಳುವುದು ಕಷ್ಟ.

ಲ್ಯಾಬ್ ಇಲಿಯ ಫಲಿತಾಂಶವನ್ನು ಹಾಗೇ ನಂಬಿದ್ದರ ಬೆಲೆಯನ್ನು ರೋಗಿಗಳೂ ತೆತ್ತಿದ್ದಾರೆ. ಟಿಎನ್‌ಎಫ್ ತಡೆಯುವ ಔಷಧಗಳು ಎಂಡೋಟಾಕ್ಸಿನ್ ಚುಚ್ಚಿದ ಲ್ಯಾಬ್ ಇಲಿಗಳನ್ನು ಸೊಗಸಾಗಿ ಉಳಿಸಿದ್ದವು. ರಕ್ತ ನಂಜಾದ ಮನುಷ್ಯರಲ್ಲಿ ಫಲ ಕೊಡಲಿಲ್ಲ. 1996ರಲ್ಲಿ ವರದಿಯಾದ ಒಂದು ಪರೀಕ್ಷೆಯಲ್ಲಂತೂ ಅಂಥ ಔಷಧವನ್ನು ಹೆಚ್ಚು ಪ್ರಮಾಣದಲ್ಲಿ ಪಡೆದವರಲ್ಲೇ ಸಾವು ಹೆಚ್ಚಿತ್ತು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸ್ಟೆಫಾನ್ ರೊಸ್ಹಾರ್ಟ್ ಮತ್ತು ಬಾರ್ಬರಾ ರೆಹರ್‌ಮನ್ ಮೇರಿಲ್ಯಾಂಡಿನ ಕುದುರೆ ಲಾಯಗಳಲ್ಲಿ ಕಾಡು ಇಲಿಗಳನ್ನು ಹಿಡಿದು ಅಧ್ಯಯನ ಮಾಡಿದ್ದರು. ಆಮೇಲೆ ಲ್ಯಾಬ್ ಇಲಿಯ ಭ್ರೂಣವನ್ನು ಕಾಡು ಇಲಿಯ ಗರ್ಭದಲ್ಲಿಟ್ಟರು. ಹುಟ್ಟಿದ ಮರಿಗೆ ಜೀನು ಲ್ಯಾಬಿನದು, ಸೂಕ್ಷ್ಮಾಣುಗಳು ಕಾಡು ತಾಯಿಯವು. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವುಗಳಿಗೆ ಎಂಡೋಟಾಕ್ಸಿನ್ ಚುಚ್ಚಿ ಟಿಎನ್‌ಎಫ್ ತಡೆಯುವ ಚಿಕಿತ್ಸೆ ಕೊಟ್ಟರೆ, ಮನುಷ್ಯರಲ್ಲಿ ಸೋತಂತೆ ಅಲ್ಲಿಯೂ ಅದು ಸೋತಿತು. ಇನ್ನು ಮುಂದೆ ‘ಇಲಿಗಳ ಮೇಲೆ ಯಶಸ್ವಿ’ ಎಂಬ ಸುದ್ದಿ ಓದಿದಾಗ, ಆ ಇಲಿ ಎಲ್ಲಿ ಬೆಳೆದದ್ದು ಎಂಬ ಪ್ರಶ್ನೆಯನ್ನೂ ಕೇಳಿ.