ವಾಹನವೇರಿದ ಮೂಷಿಕ

ಗಣಪತಿಯು ಮೂಷಿಕವನ್ನು ವಾಹನವಾಗಿ ಮಾಡಿಕೊಂಡ ಕಥೆಯನ್ನು ಅರಿಯದ ಕನ್ನಡಿಗನಿಲ್ಲ. ಆದರೆ ನಮ್ಮ ಮುಂಬಯಿ ನಗರದಲ್ಲಿ ಆ ಮೂಷಿಕವು ತನಗಾಗಿಯೇ ಬೇರೆ ವಾಹನಗಳನ್ನು ಹುಡುಕಿಕೊಂಡಿದೆ. ಬೆಳಗಿನ ಜಾವ ಹೋಟೆಲಿನ ಟೆಂಪೋ ವಾಶಿಯ ಸಗಟು ಮಾರುಕಟ್ಟೆಗೆ ಹೊರಡಬೇಕು. ಕೀಲಿ ತಿರುಗಿಸಿದರೆ ಎಂಜಿನು ಮಾತನಾಡುವುದಿಲ್ಲ. ಮುಚ್ಚಳ ತೆರೆದು ನೋಡಿದರೆ ಕಡಿದು ಹೋದ ತಂತಿ, ಚಿಂದಿ ಬಟ್ಟೆಯ ಗೂಡು, ಅರ್ಧ ತಿಂದ ಪಾವು! ಅಂದಿನ ತರಕಾರಿಯೂ ತಪ್ಪಿತು, ಬಾಡಿಗೆ ಟೆಂಪೋದವನ ದುಡಿಮೆಯೂ ತಪ್ಪಿತು. ಬಡವನ ಪಾಲಿಗೆ ಇದು ನಗುವ ಮಾತಲ್ಲ.

ಇಲಿಯು ಮೋಟಾರನ್ನೇ ಏಕೆ ಆರಿಸಿಕೊಳ್ಳುತ್ತದೆ? ಕಾರಣಗಳು ಸರಳವಾಗಿವೆ. ನಿಲ್ಲಿಸಿದ ವಾಹನದ ಎಂಜಿನು ಬಹಳ ಹೊತ್ತು ಬೆಚ್ಚಗಿರುತ್ತದೆ. ಮಳೆಗಾಲದಲ್ಲಿ ಬಿಲಗಳಿಗೂ ಗಟಾರಗಳಿಗೂ ನೀರು ನುಗ್ಗಿದಾಗ ಅದಕ್ಕಿಂತ ಒಣ ಮನೆ ಬೇರೊಂದಿಲ್ಲ. ಚಿಕ್ಕಿಲಿಗೆ ಕಾಲು ಅಂಗುಲದ ಸಂದು ಸಾಕು. ದೊಡ್ಡ ಇಲಿಗೆ ಅರ್ಧ ಅಂಗುಲ. ಇಲಿಯ ಮುಂಬಲ್ಲುಗಳು ಆಯುಷ್ಯವಿಡೀ ಬೆಳೆಯುತ್ತಲೇ ಇರುವುದರಿಂದ ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು. ೨೦೨೩ರ ಅಕ್ಟೋಬರಿನಲ್ಲಿ ನಗರಕ್ಕೆ ವಿದಾಯ ಹೇಳಿದ ಪದ್ಮಿನಿ ಟ್ಯಾಕ್ಸಿಯಲ್ಲಿ ತಂತಿಗಳು ಕೆಲವೇ ಇದ್ದವು. ಇಂದಿನ ಗಾಡಿಗಳ ಒಡಲ ತುಂಬ ತಂತಿಗಳೇ. ಒಂದು ಕಡಿದರೂ ಗಾಡಿ ನಿಲ್ಲುತ್ತದೆ. ಹೊದಿಕೆ ಹರಿದ ತಂತಿಗಳೆರಡು ತಾಗಿದರೆ ಬೆಂಕಿಯ ಭಯವೂ ಉಂಟು.

ಇಲಿಗೂ ಈ ನಗರಕ್ಕೂ ಇರುವ ಲೆಕ್ಕಾಚಾರ ಹಳೆಯದು. ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಹಬ್ಬಿದ ಪ್ಲೇಗು ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡಿತು. ಹಡಗೂ ಒಂದು ವಾಹನವೇ ಅಲ್ಲವೇ? ಆ ವರ್ಷದ ಸಪ್ಟೆಂಬರಿನಲ್ಲಿ, ಬಂದರಿನ ಬಳಿಯ, ಧಾನ್ಯದ ಗೋದಾಮುಗಳಿಂದ ತುಂಬಿದ ಮಾಂಡವಿಯಲ್ಲಿ, ಈ ರೋಗವನ್ನು ಮೊದಲು ಗುರುತಿಸಿದವರು ಗೋವೆಯ ಮೂಲದ ಡಾ. ಅಕಾಸಿಯೋ ವಿಯೇಗಾಸರು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಲಸಿಕೆ ಸಿದ್ಧಪಡಿಸಿದ ಹಾಫ್‌ಕಿನ್ ಮಹಾಶಯರು ೧೮೯೭ರ ಜನವರಿ ೧೦ರಂದು ಅದನ್ನು ತಮ್ಮ ದೇಹದ ಮೇಲೆಯೇ ಪ್ರಯೋಗಿಸಿಕೊಂಡರು. ಇಲಿಯ ಮೈಮೇಲಿನ ಚಿಗಟವೇ ರೋಗವಾಹಕವೆಂದು ೧೮೯೮ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟವರು ಸಿಮೋಂಡ್ ಎಂಬ ಫ್ರೆಂಚ್ ವೈದ್ಯರು.

ಆ ಮಹಾಮಾರಿಯ ಫಲವಾಗಿಯೇ ೧೮೯೮ರಲ್ಲಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತು. ಅದರ ಯೋಜನೆಯಿಂದಲೇ ದಾದರ, ಮಾಟುಂಗಗಳ ಅಗಲವಾದ ಬೀದಿಗಳೂ ಗಾಳಿ ಬೆಳಕಿನ ಮನೆಗಳೂ ಎದ್ದವು. ೧೯೪೨ರಲ್ಲಿ ರಾಮ ನಾಯಕರು ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು. ನಮ್ಮವರು ಎಷ್ಟೋ ಮಂದಿ ಅಲ್ಲಿ ನೆಲೆಯೂರಿದರು. ಇಲಿಯ ಕಾಟದಿಂದ ಹುಟ್ಟಿದ ಬಡಾವಣೆಯಲ್ಲಿ ಇಂದಿಗೂ ಇಲಿಯ ಕಾಟ ತಪ್ಪಿಲ್ಲವೆಂಬುದು ಕಾಲದ ವಿನೋದ!

ನಾವು ಮಲಗಿರುವ ಹೊತ್ತಿನಲ್ಲಿ ನಗರಪಾಲಿಕೆಯ ಇಲಿ ಹಿಡಿಯುವ ಕಾರ್ಮಿಕರು ಕೈಯಲ್ಲಿ ದೀಪವನ್ನೂ ಕೋಲನ್ನೂ ಹಿಡಿದು ಗಲ್ಲಿಗಳಲ್ಲಿ ತಿರುಗುತ್ತಾರೆ. ಒಬ್ಬೊಬ್ಬನು ರಾತ್ರಿಗೆ ೩೦ ಇಲಿಗಳ ಲೆಕ್ಕ ಒಪ್ಪಿಸಬೇಕೆಂಬ ಕಟ್ಟಳೆ ಬಹುಕಾಲ ನಡೆದುಬಂದಿದೆ. ಆದರೆ ಹೆಣ್ಣಿಲಿಯು ಸುಮಾರು ಮೂರು ವಾರಗಳಲ್ಲಿ ಮರಿ ಹಾಕುತ್ತದೆ. ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ತಾಯಂದಿರಾಗುತ್ತವೆ. ಹೊಟ್ಟೆಗೆ ಸಿಗುವವರೆಗೆ ಇಲಿಯ ವಂಶಕ್ಕೆ ಕ್ಷಯವಿಲ್ಲ. ಕೋಲೊಂದರಿಂದ ಆಗುವ ಕೆಲಸ ಇದಲ್ಲ.

ತಂತಿ ಹೋದರೆ ಹಣ ಹೋಯಿತು; ಇಲಿಜ್ವರ ಬಂದರೆ ಪ್ರಾಣಕ್ಕೇ ಸಂಚಕಾರ. ಲೆಪ್ಟೋಸ್ಪೈರೋಸಿಸ್ ಎಂಬ ಈ ರೋಗದ ಜಂತುಗಳು ಇಲಿ, ನಾಯಿ, ದನಗಳ ಮೂತ್ರದ ಮೂಲಕ ನೀರಿಗೆ ಸೇರಿ, ಕಾಲಿನ ಗಾಯದಿಂದಲೋ ಬಿರುಕಿನಿಂದಲೋ ದೇಹವನ್ನು ಹೊಗುತ್ತವೆ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜದಲ್ಲಿ ೯೪೪ ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿದ ಬಳಿಕ ಈ ಜ್ವರ ಹಲವರನ್ನು ಬಲಿ ತೆಗೆದುಕೊಂಡಿತು. ಬರಿಗಾಲಿನಲ್ಲಿ ಪಾತ್ರೆ ತೊಳೆಯುವ ಹುಡುಗನ ಒಡೆದ ಹಿಮ್ಮಡಿಯನ್ನು ನೆನೆಯಿರಿ! ಜ್ವರ, ತಲೆನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಇವು ಕಂಡಾಗ ಮಾತ್ರೆ ನುಂಗಿ ಕೆಲಸಕ್ಕೆ ನಿಲ್ಲಬಾರದು. ಕಸ್ತೂರಬಾ, ಕೆ.ಇ.ಎಂ., ನಾಯರ್, ಸಾಯನ ಆಸ್ಪತ್ರೆಗಳು ಬಡವರಿಗೂ ತೆರೆದಿವೆ. ನೆರೆನೀರಿನಲ್ಲಿ ನಡೆದವರು ೭೨ ಗಂಟೆಗಳೊಳಗೆ ವೈದ್ಯರನ್ನು ಕಂಡು ತಡೆಗುಳಿಗೆಯ ವಿಚಾರ ಕೇಳುವುದು ಲೇಸು.

ಇನ್ನು ಉಪಾಯಗಳು. ವಾಹನದಲ್ಲಿ ತಿಂಡಿಯ ಪೊಟ್ಟಣ, ಖಾಲಿ ಗೋಣಿ ಬಿಡಬಾರದು. ಕಸದ ತೊಟ್ಟಿಯ ಪಕ್ಕದಲ್ಲಿ ಗಾಡಿ ನಿಲ್ಲಿಸಬಾರದು. ದಿನಗಟ್ಟಲೆ ಕದಲಿಸದೆ ಇಡಬಾರದು. ಗಾಳಿ ಒಳಹೋಗುವ ದ್ವಾರಗಳಿಗೆ ಸಣ್ಣ ಕಣ್ಣಿನ ತಂತಿಬಲೆ ಕಟ್ಟಿಸಬೇಕು. ನುಸಿಗುಳಿಗೆ, ಹೊಗೆಸೊಪ್ಪುಗಳ ಪರಿಮಳ ನಾಲ್ಕು ದಿನದ್ದು. ಅದನ್ನೇ ನಂಬಿ ಕೂರಬಾರದು. ಗೂಡು ಸಿಕ್ಕರೆ ಒಣಗಿದ್ದಾಗಲೇ ಗುಡಿಸದೆ, ಕೈಗವಸು ತೊಟ್ಟು, ಬ್ಲೀಚಿಂಗ್ ಪುಡಿಯ ನೀರಿನಿಂದ ತೋಯಿಸಿ ತೆಗೆಯಬೇಕು. ವಿಷಕ್ಕಿಂತ ಬೋನು ಮೇಲು. ವಿಷ ತಿಂದ ಇಲಿ ಎಂಜಿನಿನ ಸಂದಿನಲ್ಲೇ ಸತ್ತು ನಾರುತ್ತದೆ. ಅದನ್ನು ತಿಂದ ಗೂಬೆ, ಹದ್ದು, ಬೆಕ್ಕುಗಳೂ ಸಾಯುತ್ತವೆ. ಹೀಗೆ ನಮ್ಮ ನೆರವಿನ ಬಂಟರನ್ನೇ ನಾವು ಕೊಂದಂತಾಗುತ್ತದೆ.

ಮಳೆಯ ದಿನಗಳಲ್ಲಿ ಬೆಕ್ಕಿನ ಮರಿಗಳೂ ಎಂಜಿನಿನ ಬೆಚ್ಚಗೆಯನ್ನು ಅರಸಿ ಬರುತ್ತವೆ. ಹೊರಡುವ ಮುನ್ನ ಮುಚ್ಚಳವನ್ನು ನಾಲ್ಕು ಬಾರಿ ತಟ್ಟಿದರೆ ಒಂದು ಜೀವ ಉಳಿದೀತು. ಬೋರಿವಲಿ, ಆರೇ ಕಾಲನಿಗಳ ಕಡೆ ಇಲಿಯ ಬೆನ್ನು ಹತ್ತಿ ಕೇರೆಹಾವು ಒಳಸೇರುವುದೂ ಉಂಟು. ಅದನ್ನು ಬಡಿಯದೆ, ಅರಣ್ಯ ಇಲಾಖೆಯ ೧೯೨೬ ಸಂಖ್ಯೆಗೆ ಫೋನು ಮಾಡಿ ತಿಳಿಸಬೇಕು.

ಕೊನೆಯ ಮಾತೊಂದಿದೆ. ಎಂಜಿನಿನಲ್ಲಿ ಸಂಸಾರ ಹೂಡಿದ ಇಲಿ ಅಲ್ಲಿ ಉಣ್ಣುವುದಿಲ್ಲ. ಉಣ್ಣುವುದು ಹೋಟೆಲಿನ ಹಿಂಬಾಗಿಲಲ್ಲಿ. ರಾತ್ರಿ ಬಾಗಿಲು ಮುಚ್ಚುವ ಮುನ್ನ ಎಂಜಲನ್ನು ಮುಚ್ಚಳವುಳ್ಳ ಡಬ್ಬಿಗೆ ಸುರಿದರೆ ಬೀದಿಯ ಟ್ಯಾಕ್ಸಿಯೂ ರಿಕ್ಷಾವೂ ಬದುಕುತ್ತವೆ. ದಿನವಿಡೀ ದುಡಿದು ದಣಿದ ಹುಡುಗನಿಗೆ ಆ ಹೊತ್ತಿನಲ್ಲಿ ಅದನ್ನು ಹೇಳುವುದು ಕಷ್ಟವೆಂದು ನಾವು ಬಲ್ಲೆವು. ಆದುದರಿಂದ ಮಾಲಕರು ಅವನಿಗೊಂದು ಮುಚ್ಚಳದ ಡಬ್ಬಿಯನ್ನೂ ಒಂದು ಜೊತೆ ರಬ್ಬರಿನ ಬೂಟುಗಳನ್ನೂ ಮೊದಲು ಕೊಡಿಸಲಿ. ಎಂಜಿನು ದುರಸ್ತಿಯ ಖರ್ಚಿಗಿಂತ ಅದು ಅಗ್ಗ. ಜೀವವೊಂದರ ಬೆಲೆಯ ಮುಂದಂತೂ ಅದು ಏನೂ ಅಲ್ಲ.