ಮಂಜಿನ ಕಾಡಿನ ಹೂವು, ಬಿಸಿಲ ನಾಡಿನ ಮನೆ

ಮುಂಗಾರಿನ ಹೊತ್ತಿಗೆ ಮಲೆನಾಡಿನ ಮರಗಳಿಂದ ಗೊಂಚಲಾಗಿ ಇಳಿಬೀಳುವ ಸೀತಾಳೆ ದಂಡೆಯನ್ನು ಕಂಡವರಿಗೆ ಆರ್ಕಿಡ್ ಮನೆತನದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ದಪ್ಪನೆಯ ಎಲೆ, ಬೇರುಗಳಲ್ಲಿ ನೀರನ್ನು ಕಾಪಿಟ್ಟುಕೊಂಡು ಅದು ಬೇಸಗೆಯನ್ನು ಕಳೆಯುತ್ತದೆ. ಆದರೆ ಆ ಮನೆತನದ ಬಂಧುಗಳೆಲ್ಲರೂ ಅಷ್ಟು ಸಹನಶೀಲರಲ್ಲ.

ದಕ್ಷಿಣ ಅಮೆರಿಕದ ಕೊಲಂಬಿಯಾ, ಎಕ್ವಡಾರ್ ದೇಶಗಳ ಆಂಡೀಸ್ ಇಳಿಜಾರುಗಳಲ್ಲಿ ಮಂಜು ಮುಸುಕಿದ ಕಾಡುಗಳಿವೆ. ಅಲ್ಲಿಯ ಒಂದು ಆರ್ಕಿಡ್ ಕುಲಕ್ಕೆ ಕಾರ್ಲೈಲ್ ಲ್ಯೂಯರ್ ಎಂಬ ಸಸ್ಯಶಾಸ್ತ್ರಜ್ಞರು 1978ರಲ್ಲಿ 'ಡ್ರಾಕುಲಾ', ಎಂದರೆ ಮರಿ ಘಟಸರ್ಪ, ಎಂದು ಹೆಸರಿಟ್ಟರು. ಇದರ ಹಲವು ಜಾತಿಗಳಲ್ಲಿ ಹೂವಿನ ತುಟಿ ಅಣಬೆಯ ಅಡಿಮೈಯಂತೆ ಗೆರೆಗೆರೆಯಾಗಿರುತ್ತದೆ, ವಾಸನೆಯೂ ಅಣಬೆಯದೇ. ಅಣಬೆಯನ್ನರಸಿ ಬಂದ ನೊಣಗಳು ಮೋಸಹೋಗಿ ಪರಾಗವನ್ನು ಹೊತ್ತೊಯ್ಯುತ್ತವೆ.

ಇಂಥ ಗಿಡವನ್ನು ಬಿಸಿಲ ನಾಡಿನಲ್ಲಿ ಬೆಳೆಸಬಯಸುವವರು ಹಳೆಯದೊಂದು ತಪ್ಪನ್ನು ನೆನೆಯಬೇಕು. 19ನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ಶ್ರೀಮಂತರು, ಉಷ್ಣವಲಯದ ಗಿಡಗಳಿಗೆಲ್ಲ ಬೇಗೆಯೇ ಬೇಕೆಂದು ಬಗೆದು, ಬೆಟ್ಟದ ಆರ್ಕಿಡ್‌ಗಳನ್ನೂ ಕಾಯಿಸಿದ ಗಾಜಿನ ಮನೆಗಳಲ್ಲಿ ಕೂಡಿದರು. ಅಸಂಖ್ಯ ಗಿಡಗಳು ಸತ್ತವು. ಭೂಪಟದಲ್ಲಿ ಅಕ್ಷಾಂಶವನ್ನು ನೋಡಿದವರು ಎತ್ತರವನ್ನು ಮರೆತಿದ್ದರು. ಜೇಮ್ಸ್ ಬೇಟ್‌ಮನ್ ಮೊದಲಾದವರು ತಂಪಿನ ಕೃಷಿಯನ್ನು ಎತ್ತಿಹಿಡಿದ ಮೇಲೆಯೇ ಆ ಅಭಿಪ್ರಾಯ ಬದಲಾಯಿತು.

ಹಗಲಿನ ಬಿಸಿಯಷ್ಟೇ ಅಲ್ಲ, ರಾತ್ರಿಯ ಬಿಸಿಯೂ ಇವುಗಳಿಗೆ ಮಾರಕ. ಹಗಲಿನಲ್ಲಿ ಎಲೆ ಗಳಿಸಿದ ಸಕ್ಕರೆಯನ್ನು ಇರುಳಿನ ಉಸಿರಾಟ ವ್ಯಯಮಾಡುತ್ತದೆ. ಸೆಕೆ ಏರಿದಂತೆ ವೆಚ್ಚವೂ ಏರುತ್ತದೆ. ನೀರು ಕೂಡಿಡುವ ಗಡ್ಡೆಯೂ ಡ್ರಾಕುಲಾಗಳಿಗಿಲ್ಲ. ಆದ್ದರಿಂದ ರಾತ್ರಿಯ ಉಷ್ಣತೆ ಸುಮಾರು 12ರಿಂದ 15 ಡಿಗ್ರಿ ಸೆಲ್ಸಿಯಸ್ ಇರಬೇಕು. ಹಗಲಿನದು 25ನ್ನು ಮೀರಬಾರದು.

ಒಣಹವೆಯ ಊರುಗಳಲ್ಲಿ ಒದ್ದೆ ತಡಿಕೆಯ ಮೂಲಕ ಗಾಳಿಯನ್ನು ಎಳೆದು ತಣಿಸಬಹುದು. ನಮ್ಮ ಮಡಕೆಯ ನೀರು ತಂಪಾಗುವುದೂ ಇದೇ ನಿಯಮದಿಂದ. ಕರಾವಳಿಯ ತೇವದ ಸೆಕೆಯಲ್ಲಿ ಈ ಉಪಾಯ ಸೋಲುತ್ತದೆ. ಅಲ್ಲಿ ಯಂತ್ರದಿಂದ ತಣಿಸಿದ ಗಾಜಿನ ಪೆಟ್ಟಿಗೆಯೇ ಗತಿ. ಹೂದಂಟು ಕೆಳಮುಖವಾಗಿ ಇಳಿಯುವುದರಿಂದ ಕುಂಡದ ಬದಲು ಜಾಲರಿಯ ಬುಟ್ಟಿ ಬೇಕು. ಬೇರಿಗೆ ಹಾವಸೆಯ ಹಾಸು, ಲವಣವಿಲ್ಲದ ಮಳೆನೀರು, ಎಡೆಬಿಡದೆ ಆಡುವ ಗಾಳಿ, ಇವೂ ಅಗತ್ಯ.

ಇಷ್ಟೆಲ್ಲ ಶ್ರಮ ಒಂದು ಹೂವಿಗಾಗಿಯೇ ಎಂದು ಓದುಗರು ಕೇಳಬಹುದು. ಆ ಹೂವಿನ ತವರಿನಲ್ಲಿ ಕಾಡು ಕಡಿದು ಹುಲ್ಲುಗಾವಲಾಗುತ್ತಿದೆ, ಭೂಮಿಯೂ ಬಿಸಿಯಾಗುತ್ತಿದೆ. ತಂಪನ್ನು ಅರಸಿ ಮೇಲೇರುವ ಗಿಡಕ್ಕೆ ಶಿಖರದಾಚೆ ನೆಲವಿಲ್ಲ. ಆದ್ದರಿಂದ ಕಾಡಿನಿಂದ ಕಿತ್ತ ಗಿಡವನ್ನು ಕೊಳ್ಳದೆ, ಬೀಜದಿಂದ ಬೆಳೆಸಿದ್ದನ್ನೇ ಕೊಳ್ಳುವುದು ಧರ್ಮ. ನಾವು ಯಂತ್ರವಿಟ್ಟು ಕಷ್ಟಪಟ್ಟು ಒದಗಿಸುವ ತಂಪಿರುಳನ್ನು ಆ ಬೆಟ್ಟಗಳು ಇನ್ನೂ ಪುಕ್ಕಟೆಯಾಗಿ ಕೊಡುತ್ತಿವೆ.